ಬೈದರೆ ಹರಕೆಯಂತೆ!

ದಂಡಪಿಂಡ. ಮೊದ್ದು. ಎಮ್ಮೆ. ಶನಿ. ಮೂದೇವಿ. ಅನ್ನಕ್ಕೆ ದಂಡ, ಭೂಮಿಗೆ ಭಾರ. ಇವಿಷ್ಟು ಕನ್ನಡದ ಬಾಬ್ತು. ಮುಳಬಾಗಿಲಿಗೆ ಆಂಧ್ರದ ಗಡಿ ಕೂಗಳತೆ. ತಾಲ್ಲೂಕಿನ ಎಷ್ಟೋ ಅಡುಗೆಮನೆಗಳು ತೆಲುಗು ಮಾತಾಡುತ್ತವೆ. ಹಾಗಾಗಿ ಇಲ್ಲಿನ ಮಕ್ಕಳಿಗೆ ಎದವ, ಸನ್ನಾಸಿ, ದರಿದ್ರುಡು, ಪನಿಕಿಮಾಲಿನೋಡು ಕೂಡ ಧಾರಾಳವಾಗಿ ಸಿಗುತ್ತವೆ. ಕನ್ನಡದ ಬೈಗುಳ ತೀರಿದರೆ ತೆಲುಗಿಗೆ ಹೋಗಬಹುದು, ತೆಲುಗಿನಲ್ಲಿ ಖಾರ ಸಾಲದಿದ್ದರೆ ಮತ್ತೆ ಕನ್ನಡಕ್ಕೆ ಬರಬಹುದು. ಎರಡು ಭಾಷೆ ಬಲ್ಲ ಜನ ನಾವು ಅಂತ ಎದೆಯುಬ್ಬಿಸಿಕೊಂಡು ತಿರುಗುವುದು ಸುಮ್ಮನೆಯೇ?

ಇದು ಬ್ರಾಂದಿ ಅಂಗಡಿ ಮುಂದಿನ ಜಗಳದಲ್ಲಿ ಕೇಳಿ ಬರೆದ ಪಟ್ಟಿ ಎಂದು ಯಾರೂ ತಿಳಿಯಬಾರದು. ಬೆಳಿಗ್ಗೆ ಏಳೂವರೆಗೆ, ಶೂ ಲೇಸು ಕಟ್ಟಲು ಬಾರದೆ ಹೊಸಲಿನ ಮೇಲೆ ಕೂತ ಎರಡನೇ ಕ್ಲಾಸಿನ ಹುಡುಗನಿಗೆ ಅವನ ಹೆತ್ತ ತಾಯಿ ಹೇಳುವ ಮಾತು ಇದು. ಸಂಜೆ ಲೆಕ್ಕದ ಪುಸ್ತಕ ತೆರೆದಾಗ ಅವನಪ್ಪ ಹೇಳುವ ಮಾತು ಇದು. ಅಜ್ಜಿ ಬಂದರೆ ಇನ್ನೂ ಹಳೆಯ, ಇನ್ನೂ ಚೂಪಾದ ನಾಲ್ಕು ಸೇರುತ್ತವೆ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಹೆತ್ತವರು ಬೈದರೆ ಹರಕೆ. ಹರಕೆಯಂತೆ! ದಿನಕ್ಕೆ ಇಷ್ಟು ಹರಕೆ ಬೀಳುವ ಊರಿನಲ್ಲಿ ಮಕ್ಕಳೆಲ್ಲ ಇಷ್ಟು ಹೊತ್ತಿಗೆ ದೇವತೆಗಳಾಗಿರಬೇಕಿತ್ತು.

ಇದರ ಬೆನ್ನಿಗೇ ಇನ್ನೊಂದು ವಾದ ಬರುತ್ತದೆ. "ನಮ್ಮಪ್ಪನೂ ನಂಗೆ ಇಂಗೇ ಬೈದವ್ನೆ, ಒಡದವ್ನೆ. ನಾನೇನು ಕೆಟ್ಟೋದ್ನಾ?"

ಕೆಟ್ಟಿದ್ದೀರಿ ಸ್ವಾಮಿ. ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ಕೈಕಟ್ಟಿ ನಿಲ್ಲುತ್ತೀರಲ್ಲ, ಆಗ ನಿಮ್ಮ ಗಂಟಲು ಕಟ್ಟುತ್ತದಲ್ಲ, ಅದು ಎಲ್ಲಿಂದ ಬಂತು ಅಂತ ಒಂದು ದಿನವಾದರೂ ಕೇಳಿಕೊಂಡಿದ್ದೀರಾ? ನಿಮ್ಮದೇ ಪಹಣಿ, ನಿಮ್ಮದೇ ಜಮೀನು. ಅದನ್ನು ಕೇಳುವುದಕ್ಕೆ "ಸಾರ್, ದಯವಿಟ್ಟು" ಅಂತ ಮೂರು ಸಲ ಬೇಡುತ್ತೀರಿ. ಕಿಟಕಿಯ ಒಳಗಿನವನು ತಲೆ ಎತ್ತದೆ ನಾಳೆ ಬಾ ಅಂದರೆ ನಾಳೆ ಹೋಗುತ್ತೀರಿ. ಗ್ರಾಮಸಭೆಯಲ್ಲಿ ಮೈಕು ಕೈಗೆ ಕೊಟ್ಟರೆ ಪಕ್ಕದವನಿಗೆ ದಾಟಿಸುತ್ತೀರಿ. "ನಂಗೇನು ಗೊತ್ತಾಗ್ತದೆ, ದೊಡ್ಡೋರು ಯೋಳ್ತಾರೆ" ಅನ್ನುತ್ತೀರಿ. ನಿಮಗೇನೂ ಗೊತ್ತಾಗುವುದಿಲ್ಲ ಅಂತ ನಿಮಗೆ ಮೊಟ್ಟಮೊದಲು ಹೇಳಿದವರು ಯಾರು? ಆ ಪಾಠ ಕಲಿಸಿದ್ದು ಸಾಹುಕಾರನಲ್ಲ, ಸರ್ಕಾರವೂ ಅಲ್ಲ. ಅವರಿಬ್ಬರೂ ಆಮೇಲೆ ಬಂದು, ಮೊದಲೇ ಉತ್ತು ಹದ ಮಾಡಿಟ್ಟ ನೆಲದಲ್ಲಿ ಬಿತ್ತಿಕೊಂಡರು.

ನನ್ನ ಸಿಟ್ಟು ಅದಕ್ಕೇ. ಈ ಜಿಲ್ಲೆಯಲ್ಲಿ ಹೋರಾಟಕ್ಕೆ ಬರವಿಲ್ಲ. ನೀರಿಗಾಗಿ ಬೀದಿಗಿಳಿದಿದ್ದೇವೆ, ಭೂಮಿಗಾಗಿ ಇಳಿದಿದ್ದೇವೆ, ತಮಟೆ ಹಿಡಿದು ಮರ್ಯಾದೆ ಕೇಳಿದ್ದೇವೆ. ಹೊರಗೆ ಮಾನಕ್ಕಾಗಿ ಗಂಟಲು ಹರಿದುಕೊಳ್ಳುವ ಅದೇ ಮನುಷ್ಯ, ಮನೆ ಬಾಗಿಲು ದಾಟಿದೊಡನೆ ಐದು ವರ್ಷದ ಮಗುವಿನ ಮಾನ ಕಳೆಯುತ್ತಾನೆ. ಅದನ್ನು ಅವನು ಪ್ರೀತಿ ಅಂತಲೂ ಕರೆಯುತ್ತಾನೆ.

ಆವಣಿ ಬೆಟ್ಟ ಇಲ್ಲೇ ಇದೆ, ಮುಳಬಾಗಿಲಿನಿಂದ ಬಸ್ಸು ಹತ್ತಿದರೆ ಬೇಗನೆ ತಲುಪುವಷ್ಟು ಹತ್ತಿರ. ಗಂಡ ಕಾಡಿಗೆ ಬಿಟ್ಟ ಸೀತೆ ಲವಕುಶರನ್ನು ಹೆತ್ತು ಸಾಕಿದ್ದು ಈ ಬೆಟ್ಟದಲ್ಲೇ ಎನ್ನುವುದು ನಮ್ಮ ಸೀಮೆಯ ನಂಬಿಕೆ. ಮಕ್ಕಳಾಗದವರು ಹರಕೆ ಹೊತ್ತು ಆ ಬಂಡೆ ಹತ್ತುತ್ತಾರೆ. ಏದುಸಿರು ಬಿಡುತ್ತಾ, ಕಾಲು ನಡುಗುತ್ತಾ, ಸೀತಮ್ಮನ ಮುಂದೆ ಮಡಿಲೊಡ್ಡುತ್ತಾರೆ. ಮಗು ಹುಟ್ಟುತ್ತದೆ. ಆ ಮಗುವಿಗೆ ಆರು ವರ್ಷ ತುಂಬಿ, ಒಂದು ದಿನ ಲೋಟದ ಹಾಲು ಚೆಲ್ಲುತ್ತದೆ. "ಯಾಕಾದ್ರೂ ಉಟ್ಟಿದೆಯೋ ನನ್ನ ಒಟ್ಟೇಲಿ?"

ಯಾಕಾದ್ರೂ ಹುಟ್ಟಿದೆ ಅಂತೆ! ನೀವು ಬೇಡಿಕೊಂಡಿರಿ ಅಂತ ಹುಟ್ಟಿತು. ಬೆಟ್ಟ ಹತ್ತಿದ್ದು ನೀವು, ಹಣ್ಣುಕಾಯಿ ಮಾಡಿಸಿದ್ದು ನೀವು. ಆ ಮಗು ಯಾವ ಅರ್ಜಿಯನ್ನೂ ಹಾಕಿಕೊಂಡಿರಲಿಲ್ಲ. ಅಂದಹಾಗೆ ಅಪ್ಪನಿಲ್ಲದೆ ಬೆಳೆದ ಆ ಇಬ್ಬರು ಹುಡುಗರು ರಾಜನ ಕುದುರೆ ಕಟ್ಟಿಹಾಕಿ, ಅವನ ಸೈನ್ಯಕ್ಕೇ ಎದುರು ನಿಂತರು ಎನ್ನುತ್ತದೆ ಕಥೆ. ಅವರಿಗೆ ಬೆಟ್ಟದ ಮೇಲೆ ದಿನಾ "ನಿಮ್ಮ ಕೈಲಾಗಲ್ಲ ಸುಮ್ಕೆ ಕೂತ್ಕಳಿ" ಅಂದಿದ್ದರೆ ಕುದುರೆ ಅದರ ಪಾಡಿಗೆ ಅದು ಹೋಗುತ್ತಿತ್ತು.

ಅದೇ ಆವಣಿಯಲ್ಲಿ ಶಿವರಾತ್ರಿ ಹೊತ್ತಿಗೆ ದನದ ಜಾತ್ರೆ ಸೇರುತ್ತದೆ. ಎತ್ತುಗಳ ಮೈ ತಿಕ್ಕಿ, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸಿರುತ್ತಾರೆ. ಯಾವ ರೈತನೂ ತನ್ನ ಎತ್ತನ್ನು ನಾಲ್ಕು ಜನರ ಎದುರಿಗೆ ಹೀಗಳೆಯುವುದಿಲ್ಲ. ಬಸವ ಅನ್ನುತ್ತಾನೆ, ಬಂಗಾರ ಅನ್ನುತ್ತಾನೆ, ನೇಗಿಲಿಗೆ ಕಟ್ಟಿದರೆ ಕಣ್ಸನ್ನೆ ಸಾಕು ಅನ್ನುತ್ತಾನೆ. ಹಗ್ಗ ಹಿಡಿದು ಪಕ್ಕದಲ್ಲಿ ನಿಂತ ಮಗನನ್ನು ತೋರಿಸಿ, "ಇವ್ನು ಮಾತ್ರ ಯಾತಕ್ಕೂ ಬಾರದೋನು ನೋಡಪ್ಪ, ತಿನ್ನಾಕೆ ಮಾತ್ರ ಸರಿ" ಅಂತ ಅದೇ ಬಾಯಲ್ಲಿ ನಗುತ್ತಾನೆ. ಎತ್ತಿಗೆ ಕನ್ನಡ ಬಾರದು. ಮಗನಿಗೆ ಬರುತ್ತದೆ.

ಮಾತಿನಿಂದ ಏನಾಗುತ್ತದೆ, ಗಾಯವೇ ಇಲ್ಲವಲ್ಲ ಎನ್ನುವವರು ಇದ್ದಾರೆ. ಅವರಿಗಾಗಿ ದೂರದ ಒಂದು ಊರಿನ ಕಥೆ ಹೇಳಬೇಕು. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಎಂಬ ವಿದ್ವಾಂಸ ಮೇರಿ ಟ್ಯೂಡರ್ ಎಂಬ ತನ್ನ ವಿದ್ಯಾರ್ಥಿನಿಯನ್ನು ಡಾವೆನ್‌ಪೋರ್ಟ್ ಎಂಬ ಊರಿನ ಅನಾಥಾಲಯಕ್ಕೆ ಕಳಿಸಿದ. ಉಗ್ಗುವಿಕೆ ಹೇಗೆ ಹುಟ್ಟುತ್ತದೆ ಎಂದು ಪರೀಕ್ಷಿಸಬೇಕಿತ್ತು ಅವನಿಗೆ. ಜಾನ್ಸನ್ ಸ್ವತಃ ಉಗ್ಗುತ್ತಿದ್ದವನು. ಉಗ್ಗು ಮಗುವಿನ ನಾಲಿಗೆಯಲ್ಲಿ ಹುಟ್ಟುವುದಕ್ಕೆ ಮುಂಚೆ ಹೆತ್ತವರ ಕಿವಿಯಲ್ಲಿ ಹುಟ್ಟುತ್ತದೆ ಎನ್ನುವುದು ಅವನ ಗುಮಾನಿ. 22 ಮಕ್ಕಳನ್ನು ಆರಿಸಿದರು. ಅವರಲ್ಲಿ ಸಲೀಸಾಗಿ ಮಾತಾಡುತ್ತಿದ್ದ 6 ಮಕ್ಕಳನ್ನು ಬೇರೆ ಮಾಡಿ, ನಿನ್ನ ಮಾತಿನಲ್ಲಿ ದೋಷವಿದೆ, ನಿನಗೆ ಉಗ್ಗು ಶುರುವಾಗುತ್ತಿದೆ, ಸರಿಯಾಗಿ ಆಡಲು ಆಗದಿದ್ದರೆ ಬಾಯಿ ತೆರೆಯಲೇ ಬೇಡ ಎಂಬ ಅರ್ಥದ ಮಾತುಗಳನ್ನು ಮತ್ತೆ ಮತ್ತೆ ಹೇಳಿದರು. ಹೊಡೆಯಲಿಲ್ಲ. ಉಪವಾಸ ಕೆಡವಲಿಲ್ಲ. ಬರೀ ಮಾತು, ಅದೂ ಮೆತ್ತಗಿನ ದನಿಯಲ್ಲಿ.

ಕೆಲವೇ ತಿಂಗಳು. ಅಷ್ಟರಲ್ಲಿ ಆ ಮಕ್ಕಳಲ್ಲಿ ಹೆಚ್ಚಿನವರು ಮಾತಾಡುವುದಕ್ಕೇ ಹಿಂಜರಿಯತೊಡಗಿದರು. ಕೇಳಿದ್ದಕ್ಕೆ ಒಂದೇ ಶಬ್ದದಲ್ಲಿ ಉತ್ತರ, ಬಾಯಿಗೆ ಅಡ್ಡ ಕೈ, ನೆಲದ ಮೇಲೆ ಕಣ್ಣು. ಅವರಿಗೆ ನಿಜಕ್ಕೂ ಉಗ್ಗು ಅಂಟಿತೇ ಎನ್ನುವ ಬಗ್ಗೆ ಬಲ್ಲವರ ಜಗಳ ಇನ್ನೂ ಮುಗಿದಿಲ್ಲ. ತಮ್ಮ ದನಿಗೆ ತಾವೇ ಹೆದರುವ ಮಕ್ಕಳಾದರು ಎನ್ನುವುದರಲ್ಲಿ ಜಗಳವಿಲ್ಲ. ಟ್ಯೂಡರ್ ಆಮೇಲೆ ಮತ್ತೆ ಹೋಗಿ ಸರಿಪಡಿಸಲು ನೋಡಿದಳು, ಆಗಲಿಲ್ಲ. ಜಾನ್ಸನ್‌ನ ಜೊತೆಯವರೇ ಇದನ್ನು ರಾಕ್ಷಸ ಪ್ರಯೋಗ ಎಂದು ಕರೆದರು. ಪತ್ರಿಕೆಯೊಂದು ಬಯಲಿಗೆಳೆದ ಮೇಲೆ 2001ರಲ್ಲಿ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9 ಲಕ್ಷ 25 ಸಾವಿರ ಡಾಲರ್ ಪರಿಹಾರ ಕೊಡಲು ಒಪ್ಪಿತು. ಅಷ್ಟು ಹೊತ್ತಿಗೆ ಬದುಕಿದ್ದವರು ಮುದುಕರಾಗಿದ್ದರು.

ಅಲ್ಲಿ ಹೇಳಿದವಳು ಯಾರೋ ಹೊರಗಿನವಳು. ನಡೆದದ್ದು ಕೆಲವು ತಿಂಗಳು. ಇಲ್ಲಿ ಹೇಳುವವರು ಅನ್ನ ಕಲಸಿ ಬಾಯಿಗಿಡುವ ಕೈಯವರು, ಹೇಳುವುದು ಹದಿನೆಂಟು ವರ್ಷ. ನಮ್ಮ ರಾಕ್ಷಸ ಪ್ರಯೋಗಕ್ಕೆ ಕ್ಷಮೆ ಕೇಳುವ ವಿಶ್ವವಿದ್ಯಾಲಯ ಯಾವುದು?

ಹಾರ್ವರ್ಡ್‌ನ ಮಾರ್ಟಿನ್ ಟೀಚರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬರೀ ಬೈಗುಳದಲ್ಲಿ ಬೆಳೆದವರ ಮನಸ್ಸಿನ ಮೇಲಿನ ಪೆಟ್ಟು, ಮನೆಯಲ್ಲಿ ಹೊಡೆದಾಟ ನೋಡಿ ಬೆಳೆದವರ ಮೇಲಿನ ಪೆಟ್ಟಿಗೆ ಕಡಿಮೆಯೇನಲ್ಲ ಎಂದು ಕಂಡುಕೊಂಡಿತು. ಇದಕ್ಕೆ ಹಾರ್ವರ್ಡ್ ಬೇಕಾಗಿರಲಿಲ್ಲ ಅನ್ನಿ. ಯಾವ ಸರ್ಕಾರಿ ಶಾಲೆಯ ಹಿಂದಿನ ಬೆಂಚಿಗೆ ಹೋದರೂ ಕಾಣುತ್ತದೆ. ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳು. ಹೆಸರು ಕೂಗಿದರೆ ಬೆಚ್ಚುವ ಮಕ್ಕಳು. ಇನ್ನು ಕೆಲವರು ಉಲ್ಟಾ: ತಮಗಿಂತ ಚಿಕ್ಕವನು ಸಿಕ್ಕಿದರೆ ಸಾಕು, ಮನೆಯಲ್ಲಿ ಕೇಳಿದ ಅಷ್ಟನ್ನೂ ಅಕ್ಷರ ಬಿಡದೆ ಅವನ ಮೇಲೆ ಸುರಿಯುತ್ತಾರೆ. "ಈ ಉಡುಗ ಎಲ್ಲಿ ಕಲಿತ್ನೋ ಈ ಮಾತುಗಳ್ನ" ಅಂತ ಆಮೇಲೆ ಪೋಷಕರ ಸಭೆಯಲ್ಲಿ ಅಪ್ಪ ಅಚ್ಚರಿ ಪಡುತ್ತಾನೆ.

ಪೋಷಕರ ಸಭೆ ಅಂದೆನಲ್ಲ, ಅಲ್ಲಿನ ಇನ್ನೊಂದು ಮಾತು ನಿಮಗೂ ಗೊತ್ತು. "ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ನಿಮ್ದೇ ಸಾರ್, ಚರ್ಮ ಸುಲೀರಿ, ನಾವು ಕೇಳಕಿಲ್ಲ." ಮಗನ ಎದುರಿಗೇ ಹೇಳುವ ಮಾತು. ಮೇಷ್ಟ್ರು ನಗುತ್ತಾರೆ, ಅಪ್ಪ ನಗುತ್ತಾನೆ, ಅಮ್ಮ ಸೆರಗಿನ ಮರೆಯಲ್ಲಿ ನಗುತ್ತಾಳೆ. ನಡುವೆ ನಿಂತ ಹುಡುಗನಿಗೆ ಒಂದು ವಿಷಯ ಖಾತ್ರಿಯಾಗುತ್ತದೆ: ತನ್ನ ಪರವಾಗಿ ಈ ಕೋಣೆಯಲ್ಲಿ ಯಾರೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ಎರಡನ್ನೂ ಶಾಲೆಯಲ್ಲಿ ನಿಷೇಧಿಸಿದೆ. ಮೇಷ್ಟ್ರ ಕೈಯನ್ನು ಕಾನೂನು ಕಟ್ಟಿತು, ಅದನ್ನು ಬಿಚ್ಚಿ ಬೆತ್ತ ಕೊಡುವವರು ಹೆತ್ತವರೇ. ಮನೆಗೂ ಕಾನೂನು ಇದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ, ಮಗು ಯಾರ ಸುಪರ್ದಿನಲ್ಲಿದೆಯೋ ಅವರೇ ಹಿಂಸಿಸಿ ಅದಕ್ಕೆ ಅನಗತ್ಯವಾಗಿ ಮೈನೋವು ಮನೋನೋವು ಕೊಟ್ಟರೆ ಮೂರು ವರ್ಷದ ತನಕ ಜೈಲು ಆಗಬಹುದು. ಯಾರನ್ನೂ ಜೈಲಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ನಂಬರು ಎಲ್ಲ ಶಾಲೆ ಗೋಡೆಗಳ ಮೇಲೂ ಇರಲಿ, ಆದರೆ "ಎದವ" ಅಂದರು ಅಂತ ಯಾವ ಮಗು ಫೋನು ಮಾಡೀತು? ಅದು ತಪ್ಪು ಅಂತಲೇ ಅದಕ್ಕೆ ಗೊತ್ತಿಲ್ಲ. ಅದು ತನ್ನ ಹೆಸರು ಅಂದುಕೊಂಡಿದೆ.

ಈಗ ಅಪ್ಪನ ಕಡೆಯ ಮಾತನ್ನೂ ಆಡಬೇಕು, ಇಲ್ಲದಿದ್ದರೆ ಅನ್ಯಾಯ. ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ಆಚೆಗೆ ಕೊರೆಸಿ, ನೀರು ಬಿದ್ದರೆ ಬಿತ್ತು, ಇಲ್ಲದಿದ್ದರೆ ಸಾಲ ಬಿತ್ತು. ಆ ನೀರಿನಲ್ಲಿ ಟೊಮೆಟೊ ಹಾಕುತ್ತಾನೆ. ಕೋಲಾರದಲ್ಲೋ ವಡ್ಡಹಳ್ಳಿಯಲ್ಲೋ ಹರಾಜಿಗೆ ನಿಲ್ಲುತ್ತಾನೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು, ಟೀವಿಯವರು ಬಂದು ಕೋಟ್ಯಧೀಶರಾದ ರೈತರನ್ನು ತೋರಿಸಿದರು. ಮಿಕ್ಕ ವರ್ಷಗಳಲ್ಲಿ ಬಿಡಿಸಿದ ಕೂಲಿ, ಗಾಡಿ ಬಾಡಿಗೆ ಹುಟ್ಟದೆ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುವಾಗ ಯಾವ ಕ್ಯಾಮೆರಾ ಬರುತ್ತದೆ? ಬೆಲೆ ಕೂಗುವವನು ಹಣ್ಣು ಒತ್ತಿ ನೋಡಿ ಏನೋ ಒಂದು ಗೊಣಗುತ್ತಾನೆ. ಬಿಳಿ ಚೀಟಿಯಲ್ಲಿ ಲೆಕ್ಕ ಗೀಚಿ ಕೊಡುತ್ತಾನೆ. ಅದರಲ್ಲಿ ಕಮಿಷನ್ ಎಷ್ಟು ಹೋಯಿತು, ತೂಕದಲ್ಲಿ ಎಷ್ಟು ಹೋಯಿತು, ಕೇಳುವ ಹಾಗಿಲ್ಲ. ಕೇಳಿದರೆ "ನಾಳೆಯಿಂದ ಬೇರೆ ಮಂಡಿ ನೋಡ್ಕೋ" ಅಂತಾನೆ. ನುಂಗಿಕೊಂಡು ಬರುತ್ತಾನೆ ನಮ್ಮ ಅಪ್ಪ. ನುಂಗಿದ್ದು ಎಲ್ಲಿಗೆ ಹೋಗಬೇಕು? ಮನೆಗೆ ಬಂದರೆ ಮಗ ಮೊಬೈಲು ಹಿಡಿದು ಕೂತಿದ್ದಾನೆ.

ಅಮ್ಮನ ಕಥೆಯೂ ಅದೇ. ಹಗಲೆಲ್ಲ ಬಾಕ್ಸಿಗೆ ಹಣ್ಣು ಜೋಡಿಸಿ, ರಾತ್ರಿ ಅತ್ತೆಯ ಮಾತು ಕೇಳಿ, ಗಂಡನ ಕುಡಿತ ಕೇಳಿ, ಆಮೇಲೆ ಚೆಲ್ಲಿದ ಹಾಲು ಕಂಡರೆ ಅವಳಿಗೆ ಸಿಗುವ ಒಂದೇ ಒಂದು ಬೆನ್ನು ಆ ಮಗುವಿನದ್ದು. ಮೇಲಿನವನಿಗೆ ಆಡಲಾಗದ ಮಾತು ಕೆಳಗೆ ಹರಿಯುತ್ತದೆ. ಮಂಡಿಯಿಂದ ಅಪ್ಪನಿಗೆ, ಅಪ್ಪನಿಂದ ಅಮ್ಮನಿಗೆ, ಅಮ್ಮನಿಂದ ಮಗುವಿಗೆ. ಮಗುವಿನ ಕೆಳಗೆ ಯಾರೂ ಇಲ್ಲ, ಬೀದಿನಾಯಿ ಒಂದು ಬಿಟ್ಟರೆ. ಕಲ್ಲು ಎತ್ತಿ ಅದಕ್ಕೆ ಬೀಸುತ್ತದೆ.

ಇದು ನನಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಅಂದ ಮಾತ್ರಕ್ಕೆ ಮಾಫಿ ಇಲ್ಲ. ಯಾಕೆಂದರೆ ಇಲ್ಲಿ ನಷ್ಟವಾಗುವುದು ಒಂದು ಮಗುವಿನ ಸಂಜೆ ಮಾತ್ರವಲ್ಲ. ನಾಳೆ ಆ ಮಂಡಿಯಲ್ಲಿ ನಿಂತು "ಬಿಳಿ ಚೀಟಿ ಬೇಡ, ಬಿಲ್ಲು ಕೊಡಿ" ಎಂದು ಕೇಳಬೇಕಾದವನ ನಾಲಿಗೆಯನ್ನು ನಾವೇ ಮನೆಯಲ್ಲಿ ಕತ್ತರಿಸುತ್ತಿದ್ದೇವೆ. ಬಿಟ್ಟಿಯಾಗಿ ಕತ್ತರಿಸಿ, ಹದ ಮಾಡಿ, ಮಂಡಿಯವನ ಕೈಗೆ ಒಪ್ಪಿಸುತ್ತಿದ್ದೇವೆ.

ಹೆಣ್ಣುಮಕ್ಕಳ ಪಾಲು ಬೇರೆಯೇ ಇದೆ. ಹುಟ್ಟಿದ ದಿನವೇ ಬಣ್ಣದ ತೀರ್ಪಾಗುತ್ತದೆ. "ಕರಿ" ಎನ್ನುವುದು ಮುದ್ದಿನ ಹೆಸರಂತೆ! ಹತ್ತು ದಾಟಿದರೆ ನಗು ಜೋರಾಯಿತು, ನಡಿಗೆ ಜೋರಾಯಿತು, ಕೊಟ್ಟ ಮನೆಯಲ್ಲಿ ನಮ್ಮ ಮಾನ ಕಳೀತೀಯ. ಹುಟ್ಟಿದ ಮನೆಯಲ್ಲಿ ಅವಳಿಗೆ ಮಾನವಿತ್ತೇ, ಅದನ್ನು ಯಾರು ಲೆಕ್ಕ ಇಟ್ಟರು? ಹೈಸ್ಕೂಲಿನಲ್ಲಿ ಹುಡುಗರಿಗಿಂತ ಹೆಚ್ಚು ಅಂಕ ತೆಗೆದವಳು ಹದಿನೆಂಟು ತುಂಬುವ ಮೊದಲೇ ಮದುವೆ ಗೊತ್ತಾದಾಗ ಯಾಕೆ ಬಾಯಿ ಬಿಡಲಿಲ್ಲ ಎಂದು ಅಧಿಕಾರಿಗಳು ಕೇಳುತ್ತಾರೆ. ಬಾಯಿ ಬಿಡುವುದು ಅವಳ ಪಾಠದಲ್ಲಿ ಇರಲಿಲ್ಲ.

ಇನ್ನೊಂದು ಬೈಗುಳವಿದೆ. ಮೇಲ್ಜಾತಿಯ ಮನೆಗಳಲ್ಲಿ, ಮೈ ಕೊಳೆ ಮಾಡಿಕೊಂಡು ಬಂದ ಮಗುವಿಗೆ, ತಟ್ಟೆಯಲ್ಲಿ ಗಬಗಬ ತಿಂದ ಮಗುವಿಗೆ, ಕೇರಿಯ ಜನರ ಜಾತಿಯ ಹೆಸರು ಹಿಡಿದು "ಅವರ ತರ" ಎನ್ನುವುದು. ಆ ಹೆಸರನ್ನು ಇಲ್ಲಿ ಬರೆದು ಕಾಗದ ಹೊಲಸು ಮಾಡಲಾರೆ. ಒಂದೇ ಮಾತಿನಲ್ಲಿ ಎರಡು ಮಕ್ಕಳನ್ನು ಹಾಳು ಮಾಡುವ ಕಲೆ ಇದು. ಮನೆಯೊಳಗಿನ ಮಗುವಿಗೆ, ಕೆಲವರು ಹುಟ್ಟಿನಿಂದಲೇ ಬೈಗುಳ ಎಂದು ಕಲಿಸಿಯಾಯಿತು. ಕಿಟಕಿಯಾಚೆ, ಅದೇ ಶಾಲೆಗೆ ಹೋಗಲು ಗೆಳೆಯನಿಗಾಗಿ ಕಾಯುತ್ತಿರುವ ಇನ್ನೊಂದು ಮಗುವಿಗೆ ಅದು ಕೇಳಿಸಿಯೂ ಆಯಿತು.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ ಪ್ರಯೋಗವೊಂದು 2004ರಲ್ಲಿ ವಿಶ್ವಬ್ಯಾಂಕಿನ ಮೂಲಕ ಹೊರಬಂತು. ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು, ಬಿಡಿಸಿದ್ದಕ್ಕೆ ಕಾಸು. ಯಾರ ಜಾತಿ ಏನೆಂದು ಹೇಳದೆ ಕೂರಿಸಿದಾಗ ಮೇಲ್ಜಾತಿಯವರೂ ಕೆಳಜಾತಿಯವರೂ ಸರಿಸಮ ಬಿಡಿಸಿದರು. ಇನ್ನೊಂದು ಗುಂಪಿನಲ್ಲಿ ಆಟಕ್ಕೆ ಮುಂಚೆ ಒಬ್ಬೊಬ್ಬರ ಹೆಸರು, ಊರು, ಅಪ್ಪನ ಹೆಸರು, ಜಾತಿ ಎಲ್ಲರಿಗೂ ಕೇಳುವಂತೆ ಓದಿದರು. ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. ಮಕ್ಕಳು ಅಂಥವರೇ, ಒಗಟು ಅಂಥದ್ದೇ. ಬದಲಾದದ್ದು, ಪೆನ್ಸಿಲ್ ಹಿಡಿಯುವ ಮುಂಚೆ ಕಿವಿಗೆ ಬಿದ್ದ ಒಂದು ಮಾತು.

ಇದನ್ನು ಓದಿದಾಗಲೆಲ್ಲ ನನಗೆ ರಾಮ್‌ಜಿ ಸಕ್ಪಾಲ್ ನೆನಪಾಗುತ್ತಾನೆ. ಸೈನ್ಯದಿಂದ ನಿವೃತ್ತನಾದ ಸುಬೇದಾರ, ಮುಂಬೈನ ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ಮಗ ಪುಸ್ತಕ ಬೇಕೆಂದರೆ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗಿ ಸಾಲ ತರುತ್ತಿದ್ದ. ಅವರ ಹತ್ತಿರ ದುಡ್ಡಿಲ್ಲದಿದ್ದರೆ ಒಡವೆ ತಂದು ಅಡವಿಟ್ಟು ಪುಸ್ತಕ ಕೊಳ್ಳುತ್ತಿದ್ದ. ರಾತ್ರಿ ಎರಡಕ್ಕೆ ಎಬ್ಬಿಸಿ ಓದಲು ಕೂರಿಸುತ್ತಿದ್ದ, ಅದಕ್ಕಾಗಿ ತಾನು ಅಲ್ಲಿಯವರೆಗೆ ಎದ್ದಿರುತ್ತಿದ್ದ. ಶಿಸ್ತಿನ ಮನುಷ್ಯ, ಸಲಿಗೆ ಕೊಡುತ್ತಿದ್ದವನಲ್ಲ. ಆದರೆ ಶಾಲೆಯಲ್ಲಿ ಗೋಣಿತಾಟಿನ ಮೇಲೆ ಕೂತು, ನೀರಿಗೆ ಇನ್ನೊಬ್ಬರ ಕೈ ಕಾಯ್ದು ಬಂದ ಮಗನಿಗೆ ಮನೆಯಲ್ಲೂ ನೀನು ಯಾತಕ್ಕೂ ಬಾರದವನು ಎಂದಿದ್ದರೆ ಏನಾಗುತ್ತಿತ್ತು? ಮುಳಬಾಗಿಲು ತಾಲ್ಲೂಕಿನಲ್ಲಿ ಬೆರಳೆತ್ತಿ ನಿಂತ ಆ ಮಗ ಅಂಬೇಡ್ಕರರ ಪ್ರತಿಮೆಗಳಿಗೆ ಏಪ್ರಿಲ್ 14ಕ್ಕೆ ಹಾರ ಹಾಕುತ್ತೇವೆ. ಹಾರ ಹಾಕಿ ಮನೆಗೆ ಬಂದು ಮಗನಿಗೆ "ಲೇ ಪನಿಕಿಮಾಲಿನೋಡಾ" ಅನ್ನುವವರು, ಪ್ರತಿಮೆಯ ಜೊತೆ ಅವನಪ್ಪನನ್ನೂ ಒಮ್ಮೆ ನೆನೆಯಬೇಕು.

ಪೇಟೆಯ ಬಡಾವಣೆಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅಲ್ಲಿ ಬೈಗುಳಕ್ಕೆ ಇಸ್ತ್ರಿ ಹಾಕಿರುತ್ತಾರೆ ಅಷ್ಟೇ. "ಪಕ್ಕದ ಮನೆ ಹುಡುಗನ್ನ ನೋಡು." "ನಿನ್ನ ಫೀಸಿಗೆ ಸುರಿದ ದುಡ್ಡಲ್ಲಿ ಸೈಟು ತಗೋಬಹುದಿತ್ತು." ಅಲ್ಲಿ ಹೊಗಳಿಕೆಯೂ ಒಂದು ಆಯುಧ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿಕೊಟ್ಟರು: ಒಗಟು ಸರಿಯಾಗಿ ಬಿಡಿಸಿದಾಗ "ನೀನು ಬುದ್ಧಿವಂತ" ಎನ್ನಿಸಿಕೊಂಡ ಮಕ್ಕಳು, ಮುಂದೆ ಕಷ್ಟದ ಒಗಟು ಕಂಡರೆ ಹಿಂಜರಿದರು, ಸೋತಾಗ ಬೇಗ ಕುಗ್ಗಿದರು, "ಚೆನ್ನಾಗಿ ಶ್ರಮಪಟ್ಟೆ" ಎನ್ನಿಸಿಕೊಂಡವರು ಕಷ್ಟದ್ದನ್ನೇ ಕೇಳಿ ತೆಗೆದುಕೊಂಡರು. ನಮ್ಮಲ್ಲಿ ಎಂಟನೇ ಕ್ಲಾಸಿಗೇ ಡಾಕ್ಟ್ರು ಸಾಹೇಬ್ರು ಅಂತ ಕರೆಸಿಕೊಂಡ ಮಗು, ನೀಟ್ ಫಲಿತಾಂಶದ ದಿನ ಕೋಣೆಯ ಚಿಲಕ ಹಾಕಿಕೊಳ್ಳುತ್ತದೆ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು ಎಂದು ಸರ್ಕಾರದ ಅಪರಾಧ ದಾಖಲೆ ವಿಭಾಗವೇ ಹೇಳಿದೆ. ಎಲ್ಲವೂ ಹೆತ್ತವರ ಮಾತಿನಿಂದ ಆದದ್ದು ಎಂದರೆ ಅದು ಸುಳ್ಳಾಗುತ್ತದೆ. ಮನೆಗೆ ಹೋಗಿ ಏನು ಮುಖ ತೋರಿಸಲಿ ಎಂಬ ಹೆದರಿಕೆ ಅವರಲ್ಲಿ ಯಾರಿಗೂ ಇರಲಿಲ್ಲ ಎಂದರೆ ಅದೂ ಸುಳ್ಳು.

ಫೇಲು ಎಂದ ಕೂಡಲೇ ಈ ಊರು ಮರೆತೇ ಬಿಟ್ಟ ಒಂದು ಸಂಗತಿ ಹೇಳಬೇಕು. 1887ರಲ್ಲಿ ಇದೇ ಮುಳಬಾಗಿಲಿನಲ್ಲಿ ಹುಟ್ಟಿದ ಒಬ್ಬ ಹುಡುಗ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಕೆಲ ಕಾಲ ಮೇಷ್ಟ್ರಾಗಿ, ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆಯಲ್ಲಿ ದುಡಿದು, ಬೆಂಗಳೂರಿಗೆ ಹೋಗಿ ಪತ್ರಿಕೆ ನಡೆಸಿದ. ಇವತ್ತಿನ ಲೆಕ್ಕದಲ್ಲಿ ದಂಡಪಿಂಡವೇ ಸರಿ. 1943ರಲ್ಲಿ ಅವನು ಹೊರತಂದ ಪದ್ಯಗಳ ಪುಸ್ತಕ ಕನ್ನಡಿಗರ ಮನೆಮನೆಯಲ್ಲಿದೆ. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 1974ರಲ್ಲಿ ಪದ್ಮಭೂಷಣ ಬಂತು. ಡಿ.ವಿ. ಗುಂಡಪ್ಪ ನಮ್ಮೂರಿನವರು ಅಂತ ಮುಳಬಾಗಿಲು ದೋಸೆಯಷ್ಟೇ ಜಂಬದಿಂದ ಹೇಳಿಕೊಳ್ಳುತ್ತೇವೆ. ಅವರ ಊರಿನಲ್ಲೇ ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ "ನಿನ್ನ ಬಾಳು ಮುಗೀತು" ಎನ್ನುತ್ತೇವೆ. ಫೇಲಾದವರೆಲ್ಲ ಡಿವಿಜಿ ಆಗುತ್ತಾರೆ ಎಂಬ ಸುಳ್ಳು ಸಮಾಧಾನ ನನ್ನದಲ್ಲ. ಹೆಚ್ಚಿನವರು ಆಗುವುದಿಲ್ಲ. ಆಗದೆಯೂ ತಲೆಯೆತ್ತಿ ಬದುಕುವ ಹಕ್ಕು ಅವರಿಗಿದೆ.

2025ರ ಮೇ ತಿಂಗಳಲ್ಲಿ ಬಾಗಲಕೋಟೆಯ ಒಂದು ಮನೆಯಲ್ಲಿ ನಡೆದದ್ದು ಪತ್ರಿಕೆಗಳಲ್ಲಿ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಮಗನಿಗೆ 625ಕ್ಕೆ 200. ಆರಕ್ಕೆ ಆರೂ ವಿಷಯ ಫೇಲು. ಅಪ್ಪ ಅಮ್ಮ ಕೇಕು ತಂದು, ಮನೆಯವರನ್ನೆಲ್ಲ ಸೇರಿಸಿ, ಅವನ ಕೈಯಿಂದಲೇ ಕತ್ತರಿಸಿದರು. ಪರೀಕ್ಷೆಯಲ್ಲಿ ಸೋತಿದ್ದೀಯ, ಬದುಕಿನಲ್ಲಲ್ಲ, ಮತ್ತೆ ಬರಿ ಎಂದು ಧೈರ್ಯ ಹೇಳಿದರು. ಇಂಥದ್ದು ಸುದ್ದಿಯಾಯಿತಲ್ಲ, ಅದೇ ನಮ್ಮ ಸ್ಥಿತಿ. ನಮ್ಮ ಕಟ್ಟೆಗಳ ಮೇಲೆ ಇದಕ್ಕೆ ಏನು ಹೇಳಿಯಾರು ಎಂದು ಊಹಿಸಬಲ್ಲೆ: "ಇಂಗೆ ಮುದ್ದು ಮಾಡಿದ್ರೆ ಉದ್ಧಾರ ಆದಂಗೇ." ಮುದ್ದು ಮಾಡದೆ ಉದ್ಧಾರ ಮಾಡಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನೋಡೋಣ.

ಹಾಗಾದರೆ ಮಕ್ಕಳಿಗೆ ಏನೂ ಅನ್ನಬಾರದೇ, ನೆತ್ತಿಯ ಮೇಲೆ ಕೂರಿಸಿಕೊಳ್ಳಬೇಕೇ ಎಂದು ಕೇಳುತ್ತೀರಿ. ಅನ್ನಿ. ಹಾಲು ಚೆಲ್ಲಿದರೆ ಬಟ್ಟೆ ತಂದು ಒರೆಸು ಅನ್ನಿ. ಸುಳ್ಳು ಹೇಳಿದರೆ ಇದು ಸುಳ್ಳು, ನನಗೆ ಬೇಜಾರಾಯಿತು ಅನ್ನಿ. ಮೊಬೈಲು ಕಿತ್ತಿಡಿ. ಆದರೆ ಮಾಡಿದ ಕೆಲಸಕ್ಕೆ ಅನ್ನಿ, ಹುಟ್ಟಿಗೆ ಅನ್ನಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಬೇರೆ ಒಂದಿದೆ, ಎಲ್ಲ ಅಪ್ಪಂದಿರಿಗೂ ಕಂಠಪಾಠ. ಬಗ್ಗಲೇಬೇಕು ಅಂತ ಯಾರು ಹೇಳಿದರು? ಬಗ್ಗಿದ ಮರಗಳು ಈ ಜಿಲ್ಲೆಯಲ್ಲಿ ಸಾಕಷ್ಟಿವೆ.

ಯಾಕೆ ಹೀಗೆ ಹೇಳುತ್ತೇನೆಂದರೆ, 2023ರ ಡಿಸೆಂಬರ್ ನನಗೆ ಇನ್ನೂ ಮರೆತಿಲ್ಲ. ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದರು. ಸರ್ಕಾರದ ಅನ್ನ ಉಂಡು ಓದಲು ಬಂದ ದಲಿತರ ಮಕ್ಕಳು. ವಿಡಿಯೊ ಹೊರಬಂದ ಮೇಲೆ ಅಮಾನತು, ಬಂಧನ, ಸಚಿವರ ಭೇಟಿ ಎಲ್ಲ ಆಯಿತು. ತಪ್ಪು ಇಳಿಸಿದವರದ್ದು, ಪೂರ್ತಿಯಾಗಿ ಅವರದ್ದೇ. ಹೆತ್ತವರ ತಲೆಗೆ ಅದನ್ನು ಕಟ್ಟುವವನು ನಾನಲ್ಲ. ಆದರೆ ಆ ಗುಂಡಿಯ ಅಂಚಿನಲ್ಲಿ ನಿಂತ ಮಗುವಿನ ಹತ್ತಿರ ಇದ್ದ ಒಂದೇ ಆಸರೆ "ಇಳಿಯಲ್ಲ ಸಾರ್" ಎಂಬ ಎರಡು ಶಬ್ದ. ನಮ್ಮ ಊರುಗಳಲ್ಲಿ ಯಾವ ಜಾತಿಯ, ಯಾವ ಮನೆಯ ಮಗುವಿಗೆ ಆ ಎರಡು ಶಬ್ದವನ್ನು ಉಳಿಸಿದ್ದೇವೆ? ಮೂರು ವರ್ಷಕ್ಕೆ "ಬೇಡ" ಅಂದರೆ ಹಟಮಾರಿ. ಎಂಟು ವರ್ಷಕ್ಕೆ "ಯಾಕೆ" ಅಂದರೆ ಅಧಿಕಪ್ರಸಂಗಿ. ಹನ್ನೆರಡಕ್ಕೆ "ಮಾಡಲ್ಲ" ಅಂದರೆ "ಎದುರು ಮಾತಾಡ್ತೀಯೇನೋ?" ಎಂದು ಕೆನ್ನೆಗೆ ಬೀಳುತ್ತದೆ. ಎದುರು ಮಾತಾಡುವುದನ್ನು ಮನೆಯಲ್ಲಿ ಕಲಿಯದ ಮಗು ಗುಂಡಿಯ ಅಂಚಿನಲ್ಲಿ ಎಲ್ಲಿಂದ ತರಬೇಕು ಅದನ್ನು?

ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ, ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮದಲ್ಲಿ ಹುಣ್ಣಿಮೆ ರಾತ್ರಿ ಹಾಡು, ನಾಟಕ ನಡೆಯುತ್ತಾ ಬಂದಿದೆ. ಅಲ್ಲಿ ಮಕ್ಕಳ ನಾಟಕ ನೋಡುವಾಗ ಪಕ್ಕದಲ್ಲಿ ಕೂತ ಹೆತ್ತವರ ಮುಖ ನೋಡಬೇಕು. "ನಮ್ಮುಡುಗಂಗೆ ಇಷ್ಟೊಂದು ಮಾತು ಬರ್ತದಾ?" ಬರುತ್ತಿತ್ತು. ನಿಮ್ಮ ಮುಂದೆ ಆಡುತ್ತಿರಲಿಲ್ಲ.

ಬೈಯುವ ಚಟ ಬಿಡಲು ಆಗದವರಿಗೆ ದಾರಿ ಇಲ್ಲದಿಲ್ಲ. ಬೈಯಿರಿ, ಹೊಟ್ಟೆ ತುಂಬ ಬೈಯಿರಿ. ಬಿಳಿ ಚೀಟಿಯಲ್ಲಿ ಲೆಕ್ಕ ಗೀಚುವವನಿದ್ದಾನೆ, ಪಹಣಿಗೆ ಆರು ತಿಂಗಳು ಅಲೆಸುವವನಿದ್ದಾನೆ, ಕೆರೆ ಒತ್ತಿ ಸೈಟು ಮಾಡಿದವನಿದ್ದಾನೆ, ಚುನಾವಣೆ ಬಂದಾಗ ಕುರುಡುಮಲೆ ಗಣಪನಿಗೆ ಕೈಮುಗಿದು ಹೋಗಿ ಐದು ವರ್ಷ ಮುಖ ತೋರಿಸದವನಿದ್ದಾನೆ. ದಂಡಪಿಂಡ, ಎದವ, ಪನಿಕಿಮಾಲಿನೋಡು, ಭೂಮಿಗೆ ಭಾರ, ಎಲ್ಲವೂ ಅಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದುತ್ತವೆ. ಕಿಟಕಿಯ ಮುಂದೆ ನಿಂತು ಜೋರಾಗಿ ಬೈಯಿರಿ. ಕೈ ಹಿಡಿದುಕೊಂಡು ಮಗನನ್ನೂ ಕರೆದುಕೊಂಡು ಹೋಗಿ, ಅವನೂ ಕೇಳಿಸಿಕೊಳ್ಳಲಿ. ಅಲ್ಲಿ ಬಾಯಿ ಬರುವುದಿಲ್ಲವೇ? ಹಾಗಾದರೆ ಸಂಜೆ ಮನೆಯಲ್ಲೂ ಮುಚ್ಚಿಕೊಂಡಿರಿ.